ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಅವ್ವ ನಿಜವಾಗಿ ಎಷ್ಟು ಗಂಟೆ ಪ್ರಯಾಣ ಮಾಡಬೇಕು?

ಪೊನ್ನಂಪೇಟೆಯವ
ಎಲ್ಲರಿಗೂ ನಮಸ್ಕಾರ. ಪುತ್ತರಿ ಮುಗಿಸಿಕೊಂಡು ಡಿಸೆಂಬರ್‌ನಲ್ಲಿ ನಮ್ಮ ಅವ್ವ ತಂಗಿಯ ಮನೆಗೆ ಹೊರಟಿದ್ದಾರೆ. ತಂಗಿ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲಿ. ಆಗ ತೋಟದಲ್ಲಿ ಕಾಫಿ ಕೊಯ್ಲು ಶುರುವಾಗಿರುತ್ತದೆ, ಹಾಗಾಗಿ ನಾನು ಜೊತೆಗೆ ಹೋಗುವಂತಿಲ್ಲ. ಅವ್ವನಿಗೆ ಮಂಡಿ ನೋವು ಇದೆ, ಇಂಗ್ಲಿಷ್ ಬರುವುದಿಲ್ಲ. ಅದಕ್ಕೇ ಎಲ್ಲವನ್ನೂ ಮೊದಲೇ ತಿಳಿದುಕೊಳ್ಳಬೇಕು.

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕಿದರೆ ಒಂದು ಕಡೆ 13,990, ಇನ್ನೊಂದು ಕಡೆ 8,690, ಮತ್ತೊಂದು ಕಡೆ 7,550 ಎಂದು ತೋರಿಸುತ್ತದೆ. ಯಾವುದನ್ನು ನಂಬಬೇಕು? ಟಿಕೆಟ್ ನೋಡಿದರೆ ಇನ್ನೂ ಗೊಂದಲ. ನೇರ ವಿಮಾನ ಮಧ್ಯಾಹ್ನ 2.30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆಯಂತೆ. ಒಟ್ಟು ಎಷ್ಟು ಗಂಟೆ ಎಂದು ಹೇಗೆ ಲೆಕ್ಕ ಹಾಕುವುದು? ಕೊಲ್ಲಿ ದೇಶದ ಮೇಲೆ ಹೋಗುವ ಟಿಕೆಟ್ ಅಗ್ಗ, ಅದಕ್ಕೆ ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಇಲ್ಲಿಂದ ಕಣ್ಣೂರು, ಮಂಗಳೂರು, ಮೈಸೂರು, ಬೆಂಗಳೂರು, ಯಾವ ನಿಲ್ದಾಣ ಸರಿ ಎನ್ನುವುದನ್ನೂ ಹೇಳಿ.

ಸಂಪಾಜೆ ಘಾಟಿ
ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ. 13,990ನ್ನು 900ರಿಂದ ಭಾಗಿಸಿ. ಹದಿನೈದೂವರೆ ಗಂಟೆ. ಮುಗಿಯಿತು.

ಭೂಗೋಳದ ಮೇಷ್ಟರು
ಮೂರು ಅಂಕಿಗಳೂ ಸರಿಯೇ. 13,990 ಎನ್ನುವುದು ಕಿಲೋಮೀಟರ್, 8,690 ಎನ್ನುವುದು ನಮ್ಮ ಹಳೆಯ ಮೈಲಿ, 7,550 ಎನ್ನುವುದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಹಡಗಿನವರೂ ವಿಮಾನದವರೂ ಅದರಲ್ಲೇ ಅಳೆಯುತ್ತಾರೆ. ಗುಣಿಸಿ ನೋಡಿ, ಮೂರೂ ಒಂದೇ ದೂರಕ್ಕೆ ಬಂದು ನಿಲ್ಲುತ್ತವೆ.

ಈ ದೂರ ಭೂಮಿಯ ಮೈಮೇಲೆ ಎಳೆದ ಅತಿ ಹತ್ತಿರದ ದಾರಿಯದು. ಗೋಡೆಗೆ ತೂಗು ಹಾಕಿದ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಮ್ಯಾನ್ಮಾರ್, ವಿಯೆಟ್ನಾಂ ದಾಟಿ ಪೆಸಿಫಿಕ್ ಸಾಗರದ ಮಧ್ಯದಲ್ಲಿ ಹೋಗುತ್ತದೆ. ಅದು ಹತ್ತಿರದ ದಾರಿಯಲ್ಲ. ಶಾಲೆಯಲ್ಲಿ ಮಕ್ಕಳಿಗೆ ನಾನು ಗೋಳ ಮತ್ತು ಹೊಲಿಗೆ ದಾರ ಕೊಟ್ಟು ಇದನ್ನೇ ಮಾಡಿಸುತ್ತೇನೆ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಬೇಕು. ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ, ಆರ್ಕ್ಟಿಕ್ ಕರಾವಳಿ, ಅಲಾಸ್ಕ, ಅಲ್ಲಿಂದ ಕೆಳಕ್ಕೆ ಕ್ಯಾಲಿಫೋರ್ನಿಯಾ. ಉತ್ತರದ 71ನೇ ಅಕ್ಷಾಂಶದವರೆಗೂ ಹೋಗಿ ಬರುತ್ತದೆ. ಧ್ರುವದ ನೆತ್ತಿಯ ಮೇಲೆಯೇ ಹಾದರೂ ದೂರ 14,370 ಕಿ.ಮೀ. ಸುಮಾರು, ಅಂದರೆ ಹೆಚ್ಚಾಗುವುದು ನಾನೂರು ಕಿ.ಮೀ.ಗಿಂತ ಕಡಿಮೆ.

ಸಂಪಾಜೆಯವರೇ, ನಿಮ್ಮ ಭಾಗಾಕಾರಕ್ಕೆ ನನ್ನ ಒಪ್ಪಿಗೆ ಇಲ್ಲ. ಮಡಿಕೇರಿಯಿಂದ ದೇವನಹಳ್ಳಿ ನಿಲ್ದಾಣಕ್ಕೆ ನೇರ ಗೆರೆಯಲ್ಲಿ 230 ಕಿ.ಮೀ. ಅದನ್ನು ಕಾರಿನ ವೇಗದಿಂದ ಭಾಗಿಸಿ ಹೊರಟವರು ವಿಮಾನ ಹತ್ತುವುದುಂಟೇ?

ಸಂಪಾಜೆ ಘಾಟಿ
ರಸ್ತೆಗೆ ತಿರುವು ಇದೆ ಮೇಷ್ಟರೇ. ಆಕಾಶಕ್ಕೆ ಎಲ್ಲಿಯ ತಿರುವು?

ಗೋಣಿಕೊಪ್ಪ ನಿವೃತ್ತ
ಆಕಾಶಕ್ಕೂ ತಿರುವು ಇದೆ. ನಾನು ವಾಯುಪಡೆಯಲ್ಲಿ ನೆಲದ ಕೆಲಸ ಮಾಡಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇಷ್ಟರ ದಾರ ಟಿಬೆಟ್ ಮೇಲೆ ಹಾದುಹೋಗುತ್ತದೆ. ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಹೋಗಲು ಹಿಂಜರಿಯುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಯ ಆಸುಪಾಸಿಗೆ ಇಳಿಸಬೇಕು, ಏಕೆಂದರೆ ತಲೆಯ ಮೇಲಿನಿಂದ ಬೀಳುವ ಮುಖವಾಡದಲ್ಲಿ ಆಮ್ಲಜನಕ ಬರುವುದು ಕಾಲು ಗಂಟೆಯ ಮಟ್ಟಿಗೆ. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ, ಅಂದರೆ 14,000 ಅಡಿಗೂ ಮೇಲೆ. ಇಳಿಯುವುದು ಎಲ್ಲಿಗೆ? ಹಾಗಾಗಿ ಸುತ್ತಿಕೊಂಡು ಹೋಗುತ್ತಾರೆ.

ಉತ್ತರಕ್ಕೆ ಹೋದಷ್ಟೂ ಚಳಿಯ ಸಮಸ್ಯೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಧ್ರುವದ ಬಳಿ ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುವುದುಂಟು. ಇಂಧನ ತೀರಾ ತಣ್ಣಗಾಗುತ್ತಿದೆ ಎಂದು ಕಂಡರೆ ಪೈಲಟ್ ಸ್ವಲ್ಪ ಕೆಳಗಿಳಿಸುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ಎರಡೇ ಎಂಜಿನ್ ಇರುವ ವಿಮಾನವಾದರೆ, ಒಂದು ಕೈಕೊಟ್ಟಾಗ ಇನ್ನೊಂದರ ಬಲದಲ್ಲಿ ನಿಗದಿತ ಸಮಯದೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಅಂತಹ ಊರು ದಾರಿಯಲ್ಲಿ ಸಿಗಲೆಂದೇ ಹಾಗೆ ದಾರಿ ಹಾಕುತ್ತಾರೆ.

ಇವೆಲ್ಲ ಸೇರಿದಾಗ ನಿಜವಾಗಿ ಹಾರುವ ದೂರ 13,990ನ್ನು ಮೀರುತ್ತದೆ. ಟಿಕೆಟ್ಟಿನಲ್ಲಿ ಬರೆಯುವುದಂತೂ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಸಮಯ. ರನ್‌ವೇಗೆ ಸಾಲು ಕಾಯುವುದೂ ಅದರಲ್ಲೇ ಸೇರಿದೆ.

ನಾಪೋಕ್ಲು ಹುಡುಗ
ನನಗೊಂದು ಅನುಮಾನ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಿದ್ದರೆ ವಿಮಾನ ಪಶ್ಚಿಮಕ್ಕೆ ಹಾರಿದರೆ ಊರೇ ಎದುರಿಗೆ ಬರಬೇಕಲ್ಲವೇ? ಬೇಗ ತಲುಪಬೇಕಲ್ಲವೇ?

ಭೂಗೋಳದ ಮೇಷ್ಟರು
ಇಲ್ಲ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತಿದೆ, ವಿಮಾನ ಹಾರುವುದು ಆ ಗಾಳಿಯಲ್ಲಿ. ಓಡುವ ಬಸ್ಸಿನೊಳಗೆ ನಾಣ್ಯವನ್ನು ಮೇಲಕ್ಕೆ ಚಿಮ್ಮಿಸಿದರೆ ಅದು ನಿನ್ನ ಕೈಗೇ ಬೀಳುತ್ತದೆ, ಹಿಂದಿನ ಸೀಟಿಗೆ ಹೋಗುವುದಿಲ್ಲ.

ಗೋಣಿಕೊಪ್ಪ ನಿವೃತ್ತ
ಮೇಷ್ಟರ ಮಾತಿಗೆ ಒಂದು ಸೇರಿಸುತ್ತೇನೆ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಜೋರು ಹೆಚ್ಚು, ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. ಪೂರ್ವಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಸಿಗುತ್ತದೆ, ಪಶ್ಚಿಮಕ್ಕೆ ಹೋಗುವವರಿಗೆ ಎದೆಗೆ. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಈ ಗಾಳಿಯ ನೆರವಿನಿಂದ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಸಾಮಾನ್ಯವಾಗಿ ಅದಕ್ಕೆ ಏಳು ಗಂಟೆಯಷ್ಟು ಬೇಕು. ಅದೇ ದೂರ, ಅದೇ ಎರಡು ಊರು, ಸಮಯ ಮಾತ್ರ ಬೇರೆ. ಅವ್ವನಿಗೂ ಹೋಗುವಾಗಿನ ಗಂಟೆ ಬರುವಾಗ ಇರುವುದಿಲ್ಲ.

ಬೇ ಏರಿಯಾದ ಕೊಡಗಿನವಳು
ಪೊನ್ನಂಪೇಟೆ ಅಣ್ಣ, ನಾನು ಇರುವುದು ಇಲ್ಲೇ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ. ನಿಮ್ಮ ಟಿಕೆಟ್ಟಿನ ಲೆಕ್ಕ ಸುಲಭ. ಡಿಸೆಂಬರ್‌ನಲ್ಲಿ ಇಲ್ಲಿಯ ಗಡಿಯಾರ ನಮ್ಮೂರಿಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. 2.30ರಿಂದ 5ಕ್ಕೆ ಎರಡೂವರೆ ಗಂಟೆ, ಅದಕ್ಕೆ ಹದಿಮೂರೂವರೆ ಸೇರಿಸಿ. ಒಟ್ಟು 16 ಗಂಟೆ.

ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆ. ಅವ್ವ ಹಿಂತಿರುಗುವುದು ಯಾವಾಗ?

ಪೊನ್ನಂಪೇಟೆಯವ
ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದ ಮೇಲೆ. ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಡುವ ವಿಮಾನ ನೋಡಿದ್ದೇನೆ, 17 ಗಂಟೆಯ ಪ್ರಯಾಣ ಎಂದಿದೆ.

ಬೇ ಏರಿಯಾದ ಕೊಡಗಿನವಳು
ಹಾಗಿದ್ದರೆ ಇದನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. 17 ಮತ್ತು ಹನ್ನೆರಡೂವರೆ ಸೇರಿ ಇಪ್ಪತ್ತೊಂಬತ್ತೂವರೆ. ಶುಕ್ರವಾರ ರಾತ್ರಿ 9ಕ್ಕೆ ಕೂಡಿಸಿದರೆ ಅವ್ವ ಬೆಂಗಳೂರಿಗೆ ಇಳಿಯುವುದು ಭಾನುವಾರ ಬೆಳಗಿನ ಜಾವ 2.30ಕ್ಕೆ. ನೀವು ಊರಿನಿಂದ ಹೊರಡಬೇಕಾದ್ದು ಶನಿವಾರ ಸಂಜೆ. ಭಾನುವಾರ ಬೆಳಿಗ್ಗೆ ಹೊರಟರೆ ಅವ್ವ ಅರ್ಧ ದಿನ ಬೆಂಚಿನ ಮೇಲೆ ಕಾಯಬೇಕಾಗುತ್ತದೆ.

ಕುಶಾಲನಗರ ಕಾವೇರಿ
ಈ ನೇರ ಮಾರ್ಗ ಶುರುವಾಗಿದ್ದು 2021ರ ಜನವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಉತ್ತರ ಧ್ರುವದ ಮೇಲಿನ ದಾರಿಯಲ್ಲಿ ಬಂದು ಜನವರಿ 11ರಂದು ಇಳಿಸಿದರು. ಹೈಸ್ಕೂಲಿನಲ್ಲಿ ಓದುವ ನನ್ನ ಮಗಳಿಗೆ ಆ ಸುದ್ದಿಯನ್ನು ತೋರಿಸಿ ಓದಿಸಿದ್ದೇನೆ. ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕು.

ಪ್ರಪಂಚದಲ್ಲೇ ಇದು ಅತಿ ಉದ್ದದ ಮಾರ್ಗವೇ?

ಗೋಣಿಕೊಪ್ಪ ನಿವೃತ್ತ
ಅಲ್ಲ ತಾಯಿ. ಸಿಂಗಪುರ–ನ್ಯೂಯಾರ್ಕ್ ಅದಕ್ಕಿಂತ ದೊಡ್ಡದು, 15,349 ಕಿ.ಮೀ., ಹದಿನೆಂಟು ಗಂಟೆಗೂ ಮೇಲೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್‌ಗೆ 2018ರಲ್ಲಿ ಶುರುವಾದ ಮಾರ್ಗ 14,499 ಕಿ.ಮೀ.

ಕಾಕ್‌ಪಿಟ್ ಮಾತು ಬಂದಿದ್ದರಿಂದ ನಮ್ಮವರನ್ನೂ ನೆನೆಯುತ್ತೇನೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು. ಹಳೆಯ ಮಿಸ್ಟೇರ್ ವಿಮಾನದಲ್ಲಿ, ಶಬ್ದದ ಎರಡರಷ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್‌ಗೆ ಎದುರಾಗಿ ಅದನ್ನು ಉರುಳಿಸಿದರು. ಅವರು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ವರ್ಷ ಕಾಯಬೇಕಾಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಸಿದ್ದಾಪುರ ಕರಿಮೆಣಸು
ಕೈ ಮುಗಿಯುತ್ತೇನೆ. ಇದನ್ನು ಪಠ್ಯಪುಸ್ತಕದಲ್ಲಿ ಹಾಕಬೇಕು.

ವಿರಾಜಪೇಟೆ ಟ್ಯಾಕ್ಸಿ
ಮೂಲ ಪ್ರಶ್ನೆಗೆ ಬರೋಣ. ಯಾವ ನಿಲ್ದಾಣ? ಕಣ್ಣೂರು ಎನ್ನುತ್ತೇನೆ ನಾನು. ಪೊನ್ನಂಪೇಟೆಯಿಂದ ವಿರಾಜಪೇಟೆ, ಮಾಕುಟ್ಟ, ಕೂಟುಪುಳ, ಇರಿಟ್ಟಿ ದಾಟಿದರೆ ಮಟ್ಟನ್ನೂರು. ಸುಮಾರು 80 ಕಿ.ಮೀ., ಎರಡೂವರೆ ಗಂಟೆ. ಬೆಂಗಳೂರಿಗೆ 280 ಕಿ.ಮೀ. ಮಂಡಿ ನೋವಿನ ಅವ್ವನನ್ನು ಏಳು ಗಂಟೆ ಕಾರಿನಲ್ಲಿ ಯಾಕೆ ಕೂರಿಸುತ್ತೀರಿ?

ಕುಶಾಲನಗರ ಕಾವೇರಿ
ಹತ್ತಿರ ಎಂದ ಮಾತ್ರಕ್ಕೆ ಆಯಿತೇ? ಕಣ್ಣೂರಿನಿಂದ ಅಮೆರಿಕಕ್ಕೆ ವಿಮಾನವೇ ಇಲ್ಲ. 2018ರ ಡಿಸೆಂಬರ್‌ನಲ್ಲಿ ನಿಲ್ದಾಣ ಶುರುವಾದಾಗಿನಿಂದಲೂ ವಿದೇಶಿ ವಿಮಾನ ಸಂಸ್ಥೆಗಳಿಗೆ ಅಲ್ಲಿಂದ ಹಾರಲು ಅವಕಾಶ ಕೊಡಬೇಕೆಂದು ಅಲ್ಲಿಯವರು ಕೇಳುತ್ತಲೇ ಇದ್ದಾರೆ. ಅಲ್ಲಿಂದ ಹೊರದೇಶಕ್ಕೆ ಹಾರುವವರಲ್ಲಿ ಹೆಚ್ಚಿನವರು ಕೊಲ್ಲಿಯಲ್ಲಿ ದುಡಿಯುವವರು.

ವಿರಾಜಪೇಟೆ ಟ್ಯಾಕ್ಸಿ
ಕೊಲ್ಲಿಗೆ ಹೋಗಿ ಅಲ್ಲಿಂದ ಇನ್ನೊಂದು ವಿಮಾನ ಹಿಡಿದರೆ ಆಯಿತು. ನಮ್ಮ ಕಡೆಯ ಎಷ್ಟೋ ಜನ ಹಾಗೆ ಹೋಗಿದ್ದಾರೆ, ನಾನೇ ಬಿಟ್ಟು ಬಂದಿದ್ದೇನೆ.

ಬೇ ಏರಿಯಾದ ಕೊಡಗಿನವಳು
ದಯವಿಟ್ಟು ಬೇಡ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಮೊದಲ ವಿಮಾನ ತಡವಾದಾಗ ಎರಡನೆಯವರಿಗೆ ಯಾವ ಹೊಣೆಯೂ ಇರುವುದಿಲ್ಲ, ದುಡ್ಡು ಹೋಗುತ್ತದೆ. ಪೆಟ್ಟಿಗೆಯನ್ನೂ ನಡುವೆ ಇಳಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕಾಗಿ ಆ ದೇಶದ ವೀಸಾ ಕೇಳಬಹುದು. ಭಾಷೆ ಬಾರದ ವಯಸ್ಸಾದವರು ಒಬ್ಬರೇ ಅಲ್ಲಿ ಏನು ಮಾಡಬೇಕು? ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಒಂದೇ ಟಿಕೆಟ್ಟಿನಲ್ಲಿ ಇರಲಿ, ಪೆಟ್ಟಿಗೆ ನೇರ ಇಲ್ಲಿಗೇ ಬರಲಿ.

ಭೂಗೋಳದ ಮೇಷ್ಟರು
ದೂರವನ್ನೂ ನೋಡಿ. ಬೆಂಗಳೂರು–ದುಬೈ 2,700 ಕಿ.ಮೀ. ಸುಮಾರು, ದುಬೈ–ಸ್ಯಾನ್ ಫ್ರಾನ್ಸಿಸ್ಕೊ 13,000. ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು 16,550. ಆಕಾಶದಲ್ಲಿ ಹೆಚ್ಚಾಗುವುದು ಎರಡು ಮೂರು ಗಂಟೆ ಅಷ್ಟೇ. ಉಳಿದದ್ದೆಲ್ಲ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತು.

ಸಿದ್ದಾಪುರ ಕರಿಮೆಣಸು
ಫ್ರಾಂಕ್‌ಫರ್ಟ್ ದಾರಿಗೆ ಒಂದು ಅನುಕೂಲವಿದೆ. ಮಧ್ಯದಲ್ಲಿ ಇಳಿದು ನಡೆದಾಡಬಹುದು. ನಮ್ಮ ಅತ್ತೆಗೆ ಹದಿನಾರು ಗಂಟೆ ಒಂದೇ ಸಮನೆ ಕುಳಿತರೆ ಕಾಲು ಊದಿಕೊಳ್ಳುತ್ತದೆ, ಅವರು ಯಾವಾಗಲೂ ನಿಂತು ಹೋಗುವ ವಿಮಾನವನ್ನೇ ಕೇಳುತ್ತಾರೆ. ನೇರ ವಿಮಾನವೇ ಎಲ್ಲರಿಗೂ ಒಳ್ಳೆಯದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬೇ ಏರಿಯಾದ ಕೊಡಗಿನವಳು
ಜೊತೆಗೆ ಯಾರಾದರೂ ಇದ್ದರೆ ನಿಮ್ಮ ಮಾತು ಸರಿ. ಒಬ್ಬರೇ ಬರುವಾಗ ಗೇಟು ಬದಲಾಯಿತು, ಭದ್ರತಾ ತಪಾಸಣೆಗೆ ಮತ್ತೆ ನಿಲ್ಲಬೇಕು, ಇಂಥವುಗಳಿಗೇ ಅವರು ಹೆದರುವುದು. ನೇರ ವಿಮಾನದಲ್ಲೂ ನಡುವಿನ ಹಾದಿಯ ಪಕ್ಕದ ಸೀಟು ತೆಗೆದುಕೊಂಡು ಆಗಾಗ ಎದ್ದು ಓಡಾಡಬಹುದು. ಆಮೇಲೆ, ವೇಳಾಪಟ್ಟಿ ಬದಲಾಗುತ್ತಾ ಇರುತ್ತದೆ. ನಿಮ್ಮ ದಿನಕ್ಕೆ ನೇರ ವಿಮಾನ ಇದೆಯೇ, ಎಲ್ಲಿಯೂ ನಿಲ್ಲದೇ ಹೋಗುತ್ತದೆಯೇ ಎಂದು ದುಡ್ಡು ಕಟ್ಟುವ ಮೊದಲು ನೋಡಿ.

ಸಂಪಾಜೆ ಘಾಟಿ
ಮಂಗಳೂರನ್ನು ಎಲ್ಲರೂ ಮರೆತೇಬಿಟ್ಟಿರಿ. ಬಜ್ಪೆಯಿಂದ ಬೆಂಗಳೂರಿಗೆ ಒಂದು ಗಂಟೆಯ ವಿಮಾನ ಇದೆ.

ಕುಶಾಲನಗರ ಕಾವೇರಿ
ಪೊನ್ನಂಪೇಟೆಯವರು ಘಾಟಿ ಇಳಿದು ಬಜ್ಪೆಗೆ ಹೋಗುವಷ್ಟರಲ್ಲಿ ಮೈಸೂರು ದಾಟಿ ಮದ್ದೂರಿಗೆ ಬಂದಿರುತ್ತಾರೆ. ಮೈಸೂರಿನ ಮಂಡಕಳ್ಳಿ ನಿಲ್ದಾಣವೂ ಇದಕ್ಕೆ ಆಗುವುದಿಲ್ಲ, ಅಲ್ಲಿಯ ರನ್‌ವೇ 1,740 ಮೀಟರ್, ಸಣ್ಣ ಎಟಿಆರ್ ವಿಮಾನಗಳಿಗೆ ಸರಿ. ಕಣ್ಣೂರಿನ ರನ್‌ವೇ 3,050 ಮೀಟರ್. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಕುಶಾಲನಗರಕ್ಕೆ ರೈಲು ಬರುತ್ತದೆ ಎಂದು ಕೇಳಿ ಕೇಳಿ ಕಿವಿ ತೂತಾಗಿದೆ. ಸೈನ್ಯಕ್ಕೆ ಇಷ್ಟು ಜನರನ್ನು ಕೊಟ್ಟ ಜಿಲ್ಲೆ ಇದು. ರಜೆಗೆ ಬರುವ ಯೋಧನೂ ಮೈಸೂರಿನಲ್ಲಿ ಇಳಿದು ಬಸ್ಸಿಗೆ ಕಾಯಬೇಕು. ಇದು ಸರಿಯಲ್ಲ.

ಸಿದ್ದಾಪುರ ಕರಿಮೆಣಸು
ರೈಲು ಬಂದರೆ ಎಷ್ಟು ಮರ ಕಡಿಯಬೇಕು, ಆನೆಗಳು ಎಲ್ಲಿ ಓಡಾಡಬೇಕು ಎನ್ನುವುದನ್ನೂ ಯೋಚಿಸಿ ಅಕ್ಕ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದದ್ದನ್ನು ಕಂಡವರು ನಾವು. ಇರುವ ರಸ್ತೆಯನ್ನು ಚೆನ್ನಾಗಿ ಇಟ್ಟುಕೊಂಡರೆ ಸಾಕು.

ಸೋಮವಾರಪೇಟೆ ಏಲಕ್ಕಿ
ರಸ್ತೆಯ ಬಗ್ಗೆ ನನ್ನದೊಂದು ಮಾತು. ನಮ್ಮ ಭಾಗದವರು ದೇವನಹಳ್ಳಿಗೆ ಹೋಗಲು ಮೈಸೂರಿಗೆ ಇಳಿಯುವುದೇ ಇಲ್ಲ. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ಅಲ್ಲಿಂದ ದೊಡ್ಡಬಳ್ಳಾಪುರದ ಮೇಲೆ ನಿಲ್ದಾಣ. ಬೆಂಗಳೂರು ನಗರದೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಎಷ್ಟೇ ಚೆನ್ನಾಗಿದ್ದರೂ ಕೆಂಗೇರಿಯಿಂದ ಹೆಬ್ಬಾಳದವರೆಗೆ ಅದರ ಲಾಭವೆಲ್ಲ ಕರಗಿಹೋಗುತ್ತದೆ.

ವಿರಾಜಪೇಟೆ ಟ್ಯಾಕ್ಸಿ
ನಿಮಗೆ ಅದು ಸರಿ, ಪೊನ್ನಂಪೇಟೆಯವರಿಗೆ ಸುತ್ತು. ಅವರು ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು, ಹುಣಸೂರು ಎಂದೇ ಹೋಗಬೇಕು. ಬೆಂಗಳೂರು ಎಂದೇ ತೀರ್ಮಾನವಾದರೆ ನನ್ನ ಲೆಕ್ಕ ಕೇಳಿ. ವಿಮಾನ 2.30ಕ್ಕೆ. ಮೂರು ಗಂಟೆ ಮೊದಲು ನಿಲ್ದಾಣದಲ್ಲಿ ಇರಬೇಕು, ಅಂದರೆ 11.30. ದಾರಿ ಏಳು ಗಂಟೆ, ಟೈರ್ ಪಂಕ್ಚರ್, ಹೆಬ್ಬಾಳದ ಸಾಲು ಎಂದು ಇನ್ನೊಂದೂವರೆ ಗಂಟೆ. ನಡುರಾತ್ರಿ 3ಕ್ಕೆ ಮನೆ ಬಿಡಬೇಕು. ಆ ಹೊತ್ತಿಗೆ ತಿತಿಮತಿ ಕಾಡಿನ ರಸ್ತೆಯಲ್ಲಿ ಆನೆ ನಿಂತಿದ್ದರೆ ಹಾರ್ನ್ ಹೊಡೆಯದೆ, ಲೈಟು ತಗ್ಗಿಸಿ, ಅದಾಗಿ ಹೋಗುವವರೆಗೆ ಕಾಯಬೇಕು. ಅದಕ್ಕೆ ಇಷ್ಟು ನಿಮಿಷ ಎಂದು ಯಾರೂ ಬರೆದುಕೊಡುವುದಿಲ್ಲ.

ಭೂಗೋಳದ ಮೇಷ್ಟರು
ಇದೇ ಸರಿಯಾದ ಲೆಕ್ಕ. ನಡುರಾತ್ರಿ 3ಕ್ಕೆ ಮನೆ ಬಿಟ್ಟು, ಅಲ್ಲಿಯ ಸಂಜೆ 5ಕ್ಕೆ ಇಳಿದು, ತಪಾಸಣೆ ಮುಗಿಸಿ 7ಕ್ಕೆ ಮಗಳ ಮನೆ ಸೇರಿದರೆ ನಮ್ಮ ಗಡಿಯಾರದಲ್ಲಿ ಆಗ ಮರುದಿನ ಬೆಳಿಗ್ಗೆ 8.30. ಮನೆಯಿಂದ ಮನೆಗೆ ಇಪ್ಪತ್ತೊಂಬತ್ತೂವರೆ ಗಂಟೆ, ಅದರಲ್ಲಿ ವಿಮಾನದ್ದು 16.

ಪೊನ್ನಂಪೇಟೆಯವ
ನೇರ ವಿಮಾನವನ್ನೇ ಮಾಡಿಸುತ್ತೇನೆ. ಹಿಂದಿನ ದಿನ ಬೆಳಗಾದ ಮೇಲೆ ಹೊರಟು, ದೇವನಹಳ್ಳಿ ಹತ್ತಿರ ಒಂದು ರಾತ್ರಿ ಉಳಿದುಕೊಳ್ಳುತ್ತೇವೆ. ಗಾಲಿಕುರ್ಚಿಯನ್ನು ಎಲ್ಲಿ ಕೇಳಬೇಕು? ಅವ್ವ ಹಂದಿ ಮಾಂಸದ ಉಪ್ಪಿನಕಾಯಿ, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ರಸ), ಕಾಫಿ ಪುಡಿ, ಕಿತ್ತಳೆ ಎಲ್ಲ ಕಟ್ಟಿಡಲು ಶುರುಮಾಡಿದ್ದಾರೆ.

ಬೇ ಏರಿಯಾದ ಕೊಡಗಿನವಳು
ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ ಬರೆಸಿ, ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಗಾಲಿಕುರ್ಚಿ ತಳ್ಳುವವರು ಇಲ್ಲಿಯ ವಲಸೆ ತಪಾಸಣೆಯನ್ನು ದಾಟಿಸಿ ಹೊರಬಾಗಿಲವರೆಗೂ ಕರೆದುಕೊಂಡು ಬರುತ್ತಾರೆ. ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ತಂಗಿಯ ವಿಳಾಸ, ಫೋನ್ ನಂಬರ್, ಎಷ್ಟು ದಿನ ಇರುತ್ತಾರೆ, ತಿರುಗಿ ಹೋಗುವ ದಿನಾಂಕ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಅಧಿಕಾರಿ ಕೇಳುವುದೇ ಅವನ್ನು. ಮಾತ್ರೆಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಕಾಲು ಊದುವವರಾದರೆ ಬಿಗಿ ಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಿ.

ಹಂದಿ ಮಾಂಸದ ಉಪ್ಪಿನಕಾಯಿ ಖಂಡಿತ ಬೇಡ, ಮಾಂಸವನ್ನು ಕಿತ್ತುಕೊಳ್ಳುತ್ತಾರೆ. ಕಿತ್ತಳೆಯೂ ಬೇಡ, ತಾಜಾ ಹಣ್ಣಿಗೆ ಬಿಡುವುದಿಲ್ಲ. ಹುರಿದ ಕಾಫಿ, ಒಣಗಿದ ಕರಿಮೆಣಸು ತರಬಹುದು. ಕಾಚಂಪುಳಿ ದೊಡ್ಡ ಪೆಟ್ಟಿಗೆಯೊಳಗೆ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ. ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಆಹಾರ ಇದೆಯೇ ಎಂದು ಕೇಳಿದಾಗ ಇದೆ ಎನ್ನಬೇಕು, ಮುಚ್ಚಿಟ್ಟರೆ ದಂಡ.

ನಾಪೋಕ್ಲು ಹುಡುಗ
ಬೆಂಗಳೂರಿನಿಂದ ಲಂಡನ್‌ಗೆ ಎಷ್ಟು? ಅಣ್ಣ ಓದಲು ಹೋಗುತ್ತಿದ್ದಾನೆ.

ಭೂಗೋಳದ ಮೇಷ್ಟರು
8,050 ಕಿ.ಮೀ. ಆಸುಪಾಸು, ನೇರ ವಿಮಾನದಲ್ಲಿ ಸುಮಾರು ಹತ್ತರಿಂದ ಹನ್ನೊಂದು ಗಂಟೆ. ಶಾಲೆಯ ಗೋಳದಲ್ಲಿ ದಾರ ಎಳೆದು ನೀನೇ ಅಳೆದು ನೋಡು, 40,000 ಕಿ.ಮೀ. ಎಂದರೆ ಗೋಳದ ಪೂರ್ತಿ ಸುತ್ತಳತೆ.

ವಿರಾಜಪೇಟೆ ಟ್ಯಾಕ್ಸಿ
ಪೊನ್ನಂಪೇಟೆಯವರೇ, ಏಪ್ರಿಲ್‌ನ ಆ ಶನಿವಾರಕ್ಕೆ ಗಾಡಿ ಬೇಕಿದ್ದರೆ ಈಗಲೇ ಹೇಳಿ. ಸಂಜೆ 5ಕ್ಕೆ ಹೊರಟರೆ ತಿತಿಮತಿಯನ್ನು ಬೆಳಕಿರುವಾಗಲೇ ದಾಟಬಹುದು.